ಹುರಿಹಗ್ಗದ ಓಣಿ, ಎರಡು ಕಿಲೋ ಮುನ್ನೂರು

ಹರಾಜಿನ ಪಟ್ಟಿ ಬರೆದದ್ದು ನಾನೇ:
ಮುರುಕು ಕುರ್ಚಿ ಒಂಬತ್ತು,
ಕಸದ ಗಾಡಿಯ ಚಕ್ರ ನಾಲ್ಕು,
ಹಳೆಯ ಬೀದಿಫಲಕ ಮೂವತ್ತೊಂದು,
ಉಪಯೋಗಕ್ಕೆ ಬಾರದ್ದು.
ನಗರಸಭೆಯ ಸ್ಟೋರಿನಲ್ಲಿ, ಹಲ್ಲಿಹಿಕ್ಕೆ ಒರೆಸಿದ ಮೇಜಿನ ಮೇಲೆ
ಮಲಯಾಳದಲ್ಲಿ ಬರೆದು
ಕೆಳಗೆ ಕನ್ನಡದಲ್ಲಿ ಸಹಿ ಮಾಡಿದೆ.
ಕಾಸರಗೋಡಿನಲ್ಲಿ ಇದು ಯಾರಿಗೂ ವಿಚಿತ್ರವಲ್ಲ.

ನೀಲಿ ಎನಾಮಲ್, ಬಿಳಿ ಅಕ್ಷರ.
ಯಾವ ದೂರದ ಭಟ್ಟಿಯಲ್ಲಿ ಬೆಂದು ಬಂದವೋ,
ಅಚ್ಚು ಕೊರೆದವನಿಗೆ ನಮ್ಮ ಲಿಪಿ ಗೊತ್ತಿರಲಿಲ್ಲ ಅಂತ ಕಾಣುತ್ತದೆ:
ಓ ಬಸವನಹುಳದ ಹಾಗೆ ಸುತ್ತಿಕೊಂಡಿದೆ,
ಣಿಯ ಗುಡಿಸು ಗಾಳಿಗೆ ಮಗುಚಿದ ಕೊಡೆ.
ಎಪ್ಪತ್ತು ಮಳೆಗಾಲ ಉಪ್ಪುಗಾಳಿ ನೆಕ್ಕಿದರೂ
ನೀಲಿ ಇನ್ನೂ ನೀಲಿಯೇ.
ತುಕ್ಕು ಹಿಡಿದದ್ದು ಮೊಳೆಯ ತೂತಿನ ಸುತ್ತ ಮಾತ್ರ,
ಗೋಡೆ ಅದನ್ನು ಹಿಡಿದುಕೊಂಡಿದ್ದಲ್ಲಿ.

ಸುಳ್ಳು ಯಾಕೆ ಹೇಳಲಿ,
ಅಲ್ಲಿದ್ದಾಗ ನಾನು ಅದನ್ನು ಓದಿದವಳಲ್ಲ.
ಹನ್ನೆರಡು ವರ್ಷ ಅದೇ ತಿರುವಿನಲ್ಲಿ ಬಸ್ಸಿಗೆ ಓಡಿದ್ದೇನೆ.
ಆಡುಗಳು ಅದರ ಕೆಳಗೆ ಬೆನ್ನು ತಿಕ್ಕುತ್ತಿದ್ದವು,
ಯಾರೋ ಒದ್ದೆ ಬೈರಾಸು ತೂಗುಹಾಕುತ್ತಿದ್ದರು,
ಟ್ಯೂಷನ್ನಿನ ಜಾಹೀರಾತು ಅರ್ಧ ಹೆಸರನ್ನು ಮುಚ್ಚಿತ್ತು.
ದಾರಿ ಕೇಳಿದವರಿಗೆ ನಾವು ಹೇಳುತ್ತಿದ್ದದ್ದು
ಚಿರ್ತೆಯ ಮನೆಯ ಹತ್ರ, ಎಡಕ್ಕೆ.

ಚಿರ್ತೆ ಯಾವಾಗಲೋ ಸತ್ತಿದ್ದಾಳೆ, ಮನೆ ಮಾತ್ರ ಅವಳದೇ.
ಓಣಿಯ ಈ ತುದಿಯಲ್ಲಿ ರಾಟೆ, ಸೊಂಟದಲ್ಲಿ ನಾರಿನ ಕಟ್ಟು,
ಹುರಿ ಬಿಡುತ್ತ ಬಿಡುತ್ತ
ಹಿಮ್ಮುಖ ನಡೆಯುತ್ತಿದ್ದಳಂತೆ ಆ ತುದಿಯವರೆಗೆ.
ಓಣಿ ಎಷ್ಟು ಉದ್ದವೋ ಹಗ್ಗ ಅಷ್ಟೇ ಉದ್ದ.
ಮುಖ ರಾಟೆಗೆ, ಬೆನ್ನು ಫಲಕಕ್ಕೆ.
ಅವಳೂ ಓದಿರಲಿಕ್ಕಿಲ್ಲ.

ಅಂದುಞಿಯ ಗುಜರಿ ಅಂಗಡಿ ರೈಲು ಹಳಿಯ ಆಚೆ.
ಊಟದ ತಟ್ಟೆ ಜೋಡಿಸಿದ ಹಾಗೆ ಜೋಡಿಸಿದ,
ಬಳೆಗಾರ ಕೇರಿಯ ಮೇಲೆ ಹಳೇ ಜವಳಿ ಬೀದಿ,
ಅದರ ಮೇಲೆ ದೋಣಿಕಟ್ಟೆ ರಸ್ತೆ.
ಊರಲ್ಲಿ ಎಂದೂ ಸಂಧಿಸದ ಬೀದಿಗಳು
ತಕ್ಕಡಿಯಲ್ಲಿ ಸಂಧಿಸಿದವು.

ಒಂದನ್ನು ಮಾತ್ರ ಕೈಯಲ್ಲೇ ಹಿಡಿದು ನಿಂತ.
"ಇದು ನಮ್ಮ ಓಣಿದು."
ಕನ್ನಡ ಓದಲಿಕ್ಕೆ ಬರ್ತದಾ ನಿಮಗೆ?
"ಎಲ್ಲಿಂದ ಅಕ್ಕ! ಮದ್ರಸ, ಆಮೇಲೆ ಗಲ್ಫು, ಆಮೇಲೆ ಈ ಕಬ್ಬಿಣ.
ಓದುವುದು ಎಂತಕ್ಕೆ? ಇಲ್ಲಿ ನೋಡಿ."

ಗ ಕೆಳಗೆ
ಒತ್ತು ಇರಬೇಕಾದ ಜಾಗದಲ್ಲಿ
ಹುಣಸೆಬೀಜದಷ್ಟು ಕಪ್ಪು. ಎನಾಮಲ್ ಹಾರಿಹೋಗಿತ್ತು.
ಹುರಿಹಗದ ಓಣಿ.
"ಕವಣೆಕಲ್ಲು. ಗುರಿ ಇಟ್ಟದ್ದು ಕಾಟುಮಾವಿನಕಾಯಿಗೆ.
ಚಿರ್ತೆಯಕ್ಕ ಹಗ್ಗ ಬಿಸಾಡಿ ಗದ್ದೆ ಕಟ್ಟಪುಣಿವರೆಗೂ
ಓಡಿಸಿಕೊಂಡು ಬಂದದ್ದು."
ನಕ್ಕ. ಹೆಬ್ಬೆರಳು ಆ ಗುಳಿಯಲ್ಲೇ ಇತ್ತು.

ಶಾಲೆಯಲ್ಲಿ ನನ್ನ ಒತ್ತಕ್ಷರ ತಿದ್ದಿದವರು ಎಷ್ಟೋ ಮಂದಿ.
ಈ ಒಂದು ಒತ್ತನ್ನು ಐವತ್ತು ವರ್ಷ ನೆನಪಿಟ್ಟವನು
ಅದನ್ನು ಓದಲಾರದವನು,
ಮುರಿದವನು.

ಈಗ ಆ ತಿರುವಿನಲ್ಲಿ ಹಸಿರು ಹಲಗೆ,
ಕಾರಿನ ಬೆಳಕು ಬಿದ್ದರೆ ಬೆಕ್ಕಿನ ಕಣ್ಣು.
ಕ್ರಾಸ್ ರೋಡ್ ಮೂರು.
ಮಲಯಾಳದಲ್ಲಿ ಇದೆ, ಇಂಗ್ಲಿಷಿನಲ್ಲಿ ಇದೆ, ಕಾಗುಣಿತ ಸರಿ ಇದೆ.
ನನ್ನ ತಕರಾರು ಲಿಪಿಯದಲ್ಲ, ಮೂರರದ್ದು.
ಕಯರ್ ಎಂದಾದರೂ ಬರೆಯಬಹುದಿತ್ತಲ್ಲ,
ಚಿರ್ತೆ ಹಾಗೇ ಅನ್ನುತ್ತಿದ್ದದ್ದು.

ಲೆಕ್ಕ ಲೆಕ್ಕವೇ. ಮೂವತ್ತೊಂದೂ ತೂಗಬೇಕು.
ಅವನು ಅದನ್ನು ಕೊನೆಗೆ ಇಟ್ಟ, ಮುಖ ಮೇಲೆ ಮಾಡಿ.
ಎರಡು ಕಿಲೋ ಮುನ್ನೂರು.
ತಕ್ಕಡಿಯಿಂದ ಇಳಿಸಿದವನು ರಾಶಿಗೆ ಹಾಕಲಿಲ್ಲ,
ಕೋಳಿಗೂಡಿನ ಪಕ್ಕ ಗೋಡೆಗೆ ಒರಗಿಸಿ
ಬೀಡಿ ಹಚ್ಚಿದ. ನಾನು ಕೇಳಲಿಲ್ಲ.

ರಸೀದಿಯಲ್ಲಿ ವಿವರ ಎಂಬ ಕಲಂ ಇತ್ತು,
ಯಾರೂ ತುಂಬುವುದಿಲ್ಲ.
ಕನ್ನಡದಲ್ಲಿ ಬರೆದೆ,
ಗ ಕೆಳಗಿನ ಒತ್ತನ್ನು ಒತ್ತಿ,
ಕಾರ್ಬನ್ನಿನ ಅಡಿಯ ಮೂರನೇ ಹಾಳೆಗೂ ಇಳಿಯುವ ಹಾಗೆ.